ಟಕಟಕಮ್ಮ ಕಂಪ್ಯೂಟರ್ ಕೊಂಡದ್ದು

ಇಪ್ಪತ್ತಮೂರು ವರ್ಷ ಒಂದೇ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಅಕ್ಷರ ಜೋಡಿಸಿದವಳಿಗೆ ತನ್ನದೇ ಒಂದು ಕಂಪ್ಯೂಟರ್ ಕೊಳ್ಳುವುದು ಹೂವೆತ್ತಿದಷ್ಟು ಸಲೀಸು ಎಂದು ಮನೆಯವರೆಲ್ಲ ಅಂದುಕೊಂಡಿದ್ದರು. ಅದಕ್ಕೆ ಏಳು ವಾರ ಹಿಡಿಯಿತು. ಆ ಏಳು ವಾರದಲ್ಲಿ ಅವಳು ಊರಿನ ಒಂದು ಅಂಗಡಿಯನ್ನೂ ಬಿಡಲಿಲ್ಲ, ಒಂದು ಹೊತ್ತೂ ನೆಮ್ಮದಿಯಾಗಿ ಕೂರಲಿಲ್ಲ.

ಪ್ರೆಸ್ಸಿನಲ್ಲಿ ಅವಳಿಗೆ ಟಕಟಕಮ್ಮ ಎಂದು ಹೆಸರು. ಕೀಬೋರ್ಡಿನ ಮೇಲೆ ಅವಳ ಬೆರಳು ಓಡುವ ಸದ್ದಿನಿಂದ ಹುಟ್ಟಿದ ಹೆಸರು. ಮಾಲೀಕ ಇಟ್ಟದ್ದು, ಬೈಂಡಿಂಗಿನವರು ಬೀದಿಗೆಲ್ಲ ಹಬ್ಬಿಸಿದ್ದು. ಸುಮ್ಮನೆ ಕೂತಾಗಲೂ ಬೆರಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ, ಊಟದ ಮೇಜಿನ ಅಂಚಿನ ಮೇಲೆ, ಯಾರು ಏನು ಮಾತಾಡಿದರೂ ಅದನ್ನು ಟಕಟಕನೆ ಬಡಿಯುತ್ತಿದ್ದಳು. "ಜಗಳ ಆಡುವಾಗ್ಲೂ ನಾನು ಹೇಳಿದ್ದನ್ನ ಟೈಪ್ ಮಾಡ್ಕೋತಾಳೆ, ಆಮೇಲೆ ಸಾಕ್ಷಿಗೆ ಬೇಕು ಅಂತ" ಎಂದು ಗಂಡ ನಗುತ್ತಿದ್ದ. ಅವನು ಲಿಫ್ಟು ರಿಪೇರಿಯವನು, ನಿಧಾನದ ಮನುಷ್ಯ. ತಲೆಯ ಮೇಲೆ ಕಲ್ಲು ಬಿದ್ದರೂ ಮೊದಲು ಕೈ ಒರೆಸಿಕೊಂಡು ಆಮೇಲೆ ಮೇಲೆ ನೋಡುವ ಪೈಕಿ.

ರಸ್ತೆ ಅಗಲ ಮಾಡುತ್ತಾರೆಂದು ಪ್ರೆಸ್ಸಿದ್ದ ಕಟ್ಟಡಕ್ಕೆ ಕೆಂಪು ಗುರುತು ಬಿತ್ತು. ಮಾಲೀಕನಿಗೆ ವಯಸ್ಸಾಗಿತ್ತು. "ಬೇರೆ ಕಡೆ ಹೋಗಿ ಮತ್ತೆ ಒಲೆ ಹೂಡೋ ತ್ರಾಣ ನನಗಿಲ್ಲಮ್ಮ. ನಿನ್ನ ಕೈಯಲ್ಲಿ ಕಸುಬಿದೆ, ಮನೇಲೇ ಮಾಡು" ಎಂದ. ಅವಳು ಕೂರುತ್ತಿದ್ದ ಹಳೆಯ ಕಂಪ್ಯೂಟರನ್ನೇ ಒಯ್ಯಲು ಹೇಳಿದ. ಅದು ಕಣ್ಣು ಬಿಡುವಷ್ಟರಲ್ಲಿ ಒಂದು ಟೀ ಕುಡಿದು ಬರಬಹುದಿತ್ತು. ಕೀಬೋರ್ಡ್ ಒಂದನ್ನು ಮಾತ್ರ ಬಿಚ್ಚಿಕೊಂಡಳು. ಅಕ್ಷರಗಳೆಲ್ಲ ಅಳಿಸಿಹೋಗಿ ಬೋಳಾದ ಕೀಲಿಗಳು, ವೈರಿನ ತುದಿಗೆ ಹಳೇ ಕಾಲದ ಗುಂಡನೆಯ ಪಿನ್ನು. ಅವಳಿಗೆ ಅದರ ಮೇಲೆ ಅಕ್ಷರ ಇದ್ದರೆಷ್ಟು, ಹೋದರೆಷ್ಟು.

ಅಲ್ಲಿ ಮಾಡಿದ ಕೊನೆಯ ಕೆಲಸದಲ್ಲಿ ಒಂದು ಎಡವಟ್ಟಾಗಿತ್ತು. ತೀರಿಹೋದ ವ್ಯಾಪಾರಿಯೊಬ್ಬನ ಬಗ್ಗೆ ಮಕ್ಕಳು ತಂದ ಪುಸ್ತಕ, 'ಅಮರ ನೆನಪುಗಳು'. ಪುಟಗಳ ತಲೆಯ ಮೇಲೆ ಬರುವ ಈ ಹೆಸರು ಒಂದು ಪುಟದ ಎಡಮೂಲೆಯಲ್ಲಿ 'ಮರ ನೆನಪುಗಳು' ಎಂದು ಅಚ್ಚಾಗಿ ಹೋಯಿತು. ಮಾಲೀಕ ಬೈಯಲಿಲ್ಲ. "ಹೋದವರದ್ದು ಮರದ ವ್ಯಾಪಾರಾನೇ ಆಗಿತ್ತು, ನಡೀತದೆ ಬಿಡು" ಎಂದು ನಕ್ಕ. ಬೈಂಡಿಂಗಿನವರೂ ನಕ್ಕರು. ಅವಳು ನಗಲಿಲ್ಲ. ಆ ಪುಟದ ಕರಡನ್ನು ಮೂರು ಸಲ ನೋಡಿದ್ದಳು. ಮೂರು ಸಲವೂ ಆ ಮೂಲೆಯಲ್ಲಿ ಅಕ್ಷರ ಸರಿಯಾಗಿದೆ ಎಂದೇ ಅವಳಿಗೆ ಅನ್ನಿಸಿತ್ತು. ಯಾಕೆ ಹಾಗನ್ನಿಸಿತು ಎಂಬುದು ಅಂದಿನಿಂದ ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಉಳಿಯಿತು.

ಪ್ರೆಸ್ಸು ಮುಚ್ಚಿದ ವಾರವೇ ಕೆಲಸ ಮನೆಬಾಗಿಲಿಗೆ ಬಂತು. ಹೆರಿಗೆ ವಾರ್ಡಿನಲ್ಲಿ ನಲವತ್ತು ವರ್ಷ ದುಡಿದ ನರ್ಸ್ ಒಬ್ಬಾಕೆ, ಊರಿಗೆಲ್ಲ ಸಿಸ್ಟರ್, ಹನ್ನೊಂದು ನೋಟುಬುಕ್ಕುಗಳನ್ನು ಚೀಲದಲ್ಲಿ ಹೊತ್ತು ತಂದು ಮೇಜಿನ ಮೇಲೆ ಸುರಿದರು. ಅವರ ಕೈಬರಹ ಇರುವೆ ಶಾಯಿಯಲ್ಲಿ ಬಿದ್ದು ಎದ್ದು ನಡೆದಂತಿತ್ತು. ಹಿಂದೆ ಆಸ್ಪತ್ರೆಯ ವರದಿಗಳನ್ನೆಲ್ಲ ಟಕಟಕಮ್ಮನೇ ಟೈಪ್ ಮಾಡಿದ್ದರಿಂದ ಆ ಬರಹ ಓದಲು ಅವಳೊಬ್ಬಳಿಗೇ ಬರುತ್ತಿತ್ತು.

"ನನ್ನ ಕೈಗೆ ಹುಟ್ಟಿದ ಮಕ್ಕಳ ಕಥೆ ಇದೆಲ್ಲ. ಎಂಬತ್ತು ತುಂಬೋದರೊಳಗೆ ಪುಸ್ತಕ ಆಗಬೇಕು. ಐದು ತಿಂಗಳಿದೆ. ನಿನ್ನ ಬಿಟ್ರೆ ಬೇರೆ ಯಾರಿಗೂ ಕೊಡಲ್ಲ" ಎಂದರು ಸಿಸ್ಟರ್.

ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ಕಂಪ್ಯೂಟರ್ ಬೇಕಾಯಿತು.

ಉಪದೇಶಕ್ಕೇನು ಬರವಿರಲಿಲ್ಲ. ಗಂಡ ಲ್ಯಾಪ್‌ಟಾಪ್ ತಗೋ ಎಂದ, ಮಡಚಿ ಕಪಾಟಿನಲ್ಲಿಟ್ಟರೆ ಜಾಗ ಉಳಿಯುತ್ತದೆ. "ದಿನಕ್ಕೆ ಹತ್ತು ಗಂಟೆ ಕತ್ತು ಬಗ್ಗಿಸಿ ಕೂತ್ರೆ ನನ್ನನ್ನೇ ಮಡಚಿ ಕಪಾಟಲ್ಲಿಡಬೇಕಾಗತ್ತೆ. ಡೆಸ್ಕ್‌ಟಾಪ್ ಆದ್ರೆ ಸ್ಕ್ರೀನು ಕಣ್ಣಿನ ಎತ್ತರಕ್ಕೆ ಬರತ್ತೆ, ಕೈ ಬೇಕಾದ ಕಡೆ ಇರತ್ತೆ. ಒಂದು ಭಾಗ ಕೆಟ್ರೆ ಅದೊಂದನ್ನ ಬದಲಾಯಿಸಿದ್ರಾಯ್ತು" ಎಂದಳು. ಈ ಮಾತು ಲಿಫ್ಟಿನವನ ತಲೆಗೆ ಥಟ್ಟನೆ ಹೊಕ್ಕಿತು. ಮತ್ತೆ ಲ್ಯಾಪ್‌ಟಾಪಿನ ಸುದ್ದಿ ಎತ್ತಲಿಲ್ಲ.

ಕಾಲೇಜಿಗೆ ಹೋಗುವ ಮಗಳು ಹಾಳೆಯ ಮೇಲೆ ಪಟ್ಟಿ ಬರೆದು ಕೊಟ್ಟಳು, ಇಷ್ಟು ರ‍್ಯಾಮ್ ಇರಬೇಕು, ಹಳೇ ಡಿಸ್ಕ್ ಬೇಡ, ಎಸ್‌ಎಸ್‌ಡಿಯೇ ಬೇಕು, ಇಷ್ಟು ವರ್ಷದ ವಾರಂಟಿ ಎಂದೆಲ್ಲ. ಆ ಹಾಳೆಯನ್ನು ಬ್ಯಾಗಿನಲ್ಲಿಟ್ಟು, ಬೋಳು ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಟಕಟಕಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಹೊರಟಳು.

ಮೊದಲ ಅಂಗಡಿ ಗಾಜಿನ ಅರಮನೆ. ಅಲ್ಲಿಯ ಮಾರಾಟಗಾರ ಒಳಗೆ ಬಣ್ಣಬಣ್ಣದ ದೀಪ ಉರಿಯುವ ಪೆಟ್ಟಿಗೆಯೊಂದನ್ನು ತೋರಿಸಿದ. ಪಕ್ಕದಲ್ಲಿ ಗಾಜು, ಒಳಗೆ ಮೂರು ಫ್ಯಾನು, ಒಂದೊಂದೂ ಒಂದೊಂದು ಬಣ್ಣ. "ಯಾವ ಆಟ ಬೇಕಾದ್ರೂ ಓಡತ್ತೆ ಮೇಡಂ." ಅವಳು ಪೆಟ್ಟಿಗೆಯ ಹಿಂದೆ ಬಗ್ಗಿ ಗುಂಡು ಪಿನ್ನಿಗೆ ತೂತಿದೆಯೇ ಎಂದು ತಡಕಿದಳು. ಇರಲಿಲ್ಲ. ಸ್ಕ್ರೀನಿನ ಮುಂದೆ ಕೂತು ಒಂದು ನಿಮಿಷ ನೋಡಿ, "ಬೇಡ, ಫ್ಯಾನು ಸದ್ದು ಮಾಡತ್ತೆ" ಎಂದು ಎದ್ದು ಬಂದಳು.

ಎರಡನೆಯದು ಕಚೇರಿಗಳು ಬಿಸಾಕಿದ ಹಳೆಯ ಕಂಪ್ಯೂಟರುಗಳನ್ನು ಒರೆಸಿ ಮಾರುವ ಗೋದಾಮು. ಗಟ್ಟಿ ಪೆಟ್ಟಿಗೆಗಳು, ಬೆಲೆಯೂ ಅರ್ಧ. ಜೊತೆಗೆ ಬಂದಿದ್ದ ಗಂಡನಿಗೆ ಹಿಡಿಸಿತು. ಅವಳು ಕೂತಳು, ನೋಡಿದಳು, ಎದ್ದಳು. "ಹೊಸ ಸಾಫ್ಟ್‌ವೇರ್ ಬಂದ್ರೆ ಇದು ತಡ್ಕೊಳ್ಳಲ್ಲ." ಮೂರನೆಯದರಲ್ಲಿ ಸ್ಕ್ರೀನಿನ ಬೆನ್ನಿಗೇ ಎಲ್ಲ ಅಂಟಿಸಿದ ತೆಳ್ಳನೆಯ ಯಂತ್ರ. ಅದಕ್ಕೂ ಕೊಂಕು, "ಒಂದು ಕೆಟ್ರೆ ಎಲ್ಲ ಕೆಡತ್ತೆ." ನಾಲ್ಕನೆಯ ಕಡೆ ಸರ್ವಿಸ್ ಸೆಂಟರ್ ದೂರ. ಐದನೆಯ ಕಡೆ ಎಲ್ಲ ಸರಿಯಿತ್ತು, ಗುಂಡು ಪಿನ್ನಿನ ತೂತು ಕೂಡ ಇತ್ತು. ಅಲ್ಲಿ ಅವಳು ಹತ್ತು ನಿಮಿಷ ಕೂತು ಸ್ಕ್ರೀನಿನ ಎಡಭಾಗವನ್ನೇ ನೋಡುತ್ತಿದ್ದು, ಕಾರಣ ಹೇಳದೆ ಹೊರಗೆ ನಡೆದಳು.

ಹೇಳಿದ ಕಾರಣಗಳೆಲ್ಲ ಸುಳ್ಳಲ್ಲ. ಆದರೆ ಹೇಳದ ಕಾರಣ ಒಂದೇ. ಎಲ್ಲಿ ಕೂತರೂ ಸ್ಕ್ರೀನಿನ ಎಡಗಡೆ, ಮೇಲಿನ ಮೂಲೆ, ಅವಳಿಗೆ ಮಂಕಾಗಿ ಕಾಣುತ್ತಿತ್ತು. ಹಬೆ ಕಟ್ಟಿದ ಗಾಜಿನಂತೆ. ಕತ್ತು ತಿರುಗಿಸಿದರೆ ಸರಿಹೋಗುತ್ತಿತ್ತು, ನೆಟ್ಟಗೆ ಕೂತರೆ ಮತ್ತೆ ಅದೇ. ಈ ಕಂಪನಿಯ ಸ್ಕ್ರೀನೇ ಹೀಗೆ, ಆ ದೀಪದ ಬೆಳಕು ಬಿದ್ದು ಹಾಗೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಇನ್ನೊಂದು ಅಂಗಡಿಗೆ ಹೋಗುತ್ತಿದ್ದಳು.

ಅವಳ ಅಪ್ಪ ಸೀಸದ ಅಚ್ಚುಮೊಳೆ ಜೋಡಿಸುವವನಾಗಿದ್ದ. ಕೊನೆಯ ವರ್ಷಗಳಲ್ಲಿ ಲೋಟದ ಪಕ್ಕಕ್ಕೆ ನೀರು ಬಗ್ಗಿಸುತ್ತಿದ್ದ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದ, ಯಾರಾದರೂ ಕೇಳಿದರೆ ರೇಗುತ್ತಿದ್ದ. ಒಂದು ಮಧ್ಯಾಹ್ನ ಪ್ರೆಸ್ಸಿನವರು ಅವನನ್ನು ಕೈಹಿಡಿದು ಮನೆಗೆ ತಂದು ಬಿಟ್ಟರು. ಆಗ ಅವನಿಗೆ ನಲವತ್ತೊಂಬತ್ತು. ಟಕಟಕಮ್ಮನಿಗೆ ಈಗ ನಲವತ್ತೆಂಟು.

ಐದನೆಯ ಅಂಗಡಿಯಿಂದ ಬಂದ ಸಂಜೆ ಮಗಳ ತಾಳ್ಮೆ ಕೆಟ್ಟಿತು. "ಅಮ್ಮ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಊರಲ್ಲಿರೋ ಕಂಪ್ಯೂಟರೆಲ್ಲ ಸರಿಯಿಲ್ಲ, ನೀನೊಬ್ಳೇ ಸರಿ."

ತಮಾಷೆಗೆ ಅಂದದ್ದು. ಟಕಟಕಮ್ಮನ ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು. "ನೀನು ನಿನ್ನ ಓದು ನೋಡ್ಕೋ" ಎಂದು ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ಅಪ್ಪನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. ಅವನಿಗೂ ಏನೂ ತಿಳಿದಿರಲಿಲ್ಲ.

ನಾಲ್ಕು ವಾರ ಕಳೆದಿದ್ದವು. ಹನ್ನೊಂದು ನೋಟುಬುಕ್ಕು ಹಾಗೇ ಇದ್ದವು. ಸಿಸ್ಟರ್ ಎರಡು ಸಲ ಫೋನ್ ಮಾಡಿ "ಎಲ್ಲಿಗೆ ಬಂತು?" ಎಂದು ಕೇಳಿದ್ದರು. ಅವಳು ಹಳೆಯ ಮಾಲೀಕನಿಗೆ ಫೋನ್ ಮಾಡಿದಳು. ಅವನು ಒಂದು ವಿಳಾಸ ಹೇಳಿದ, ಮಾರುಕಟ್ಟೆ ಕಟ್ಟಡದ ನೆಲಮಾಳಿಗೆಯದು. "ಬೋಲ್ಟ್ ಅಂತ ಕೇಳು. ಬಾಯಿ ಸ್ವಲ್ಪ ಒರಟು, ಕೈ ಚಿನ್ನ."

ಅಂಗಡಿಗೆ ಬೋರ್ಡಿರಲಿಲ್ಲ. ಗೋಡೆಗೆ ಆನಿಸಿದ ಖಾಲಿ ಪೆಟ್ಟಿಗೆಗಳು, ಡಬ್ಬಗಳ ತುಂಬ ಸ್ಕ್ರೂ, ಮಧ್ಯೆ ಒಂದು ಉದ್ದ ಮೇಜು, ಅದರ ಹಿಂದೆ ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡ ಗಿಡ್ಡ ಮನುಷ್ಯ. ಅವನು ಬೆಲೆ ಹೇಳಲಿಲ್ಲ. ಪ್ರಶ್ನೆ ಕೇಳಿದ.

"ಏನ್ ಕೆಲಸ ಮಾಡ್ತೀರಿ ಅದರಲ್ಲಿ?"

"ಪುಸ್ತಕದ ಪುಟ ಕಟ್ಟೋದು."

"ದಿನಕ್ಕೆ ಎಷ್ಟು ಹೊತ್ತು? ಎಲ್ಲಿಡ್ತೀರಿ? ಕಿಟಕಿ ಎದುರಿಗೋ, ಬೆನ್ನಿಗೋ? ಕರೆಂಟ್ ಹೋಗತ್ತಾ ನಿಮ್ಮಲ್ಲಿ? ಹಳೇ ಫಾಂಟು, ಹಳೇ ಫೈಲು ಏನೇನಿದೆ?"

ನಾಲ್ಕು ವಾರದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಎಲ್ಲರೂ ತಮ್ಮಲ್ಲಿ ಏನಿದೆ ಎಂದು ಹೇಳಿದವರೇ. ಅವಳು ಸ್ಟೂಲಿನ ಮೇಲೆ ಕೂತು ಎಲ್ಲಕ್ಕೂ ಉತ್ತರ ಕೊಟ್ಟಳು. ಬೋಲ್ಟ್ ಒಂದು ರಟ್ಟಿನ ತುಂಡಿನ ಮೇಲೆ ಬರೆದುಕೊಂಡ.

"ಆಟ ಆಡಲ್ಲ, ಸಿನಿಮಾ ಕತ್ತರಿಸಲ್ಲ. ಅಂದ್ಮೇಲೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಯಾಕೆ? ನಡುಮಟ್ಟದ ಪ್ರೊಸೆಸರ್ ಸಾಕು. ರ‍್ಯಾಮ್ ಹದಿನಾರು ಜಿಬಿ ಹಾಕೋಣ, ಮುಂದೆ ಇನ್ನೊಂದು ಸಿಕ್ಕಿಸೋಕೆ ಜಾಗ ಇರೋ ಬೋರ್ಡು. ಫೈಲಿನ ನಕಲಿಗೆ ಬೇರೆ ಡಿಸ್ಕು. ಪವರ್ ಸಪ್ಲೈನಲ್ಲಿ ಮಾತ್ರ ಕಂಜೂಸಿ ಮಾಡ್ಬೇಡಿ, ಅದು ಸಾಯುವಾಗ ನಾಲ್ಕು ಜನಾನ ಕರ್ಕೊಂಡು ಹೋಗತ್ತೆ. ಯುಪಿಎಸ್ ಬೇಕೇ ಬೇಕು. ಉಳಿದ ಹಣ ಎಲ್ಲ ಸ್ಕ್ರೀನಿಗೆ. ಪೆಟ್ಟಿಗೆ ಒಳಗೇನಿದೆ ಅಂತ ನೀವು ದಿನಾ ನೋಡಲ್ಲ. ನೋಡೋದು ಸ್ಕ್ರೀನು."

ಅವನು ಮೂರು ಮಾನಿಟರುಗಳನ್ನು ಸಾಲಾಗಿ ಇಟ್ಟು ಮೂರರಲ್ಲೂ ಒಂದೇ ಪುಟ ತೆರೆದ. ಅವಳು ಮೊದಲನೆಯದರ ಮುಂದೆ ಕೂತಳು. "ಎಡಗಡೆ ಮೇಲೆ ಮಂಕು" ಎಂದಳು. ಎರಡನೆಯದರಲ್ಲೂ ಹಾಗೇ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳ ದನಿ ಏರಿತ್ತು. "ಇದೂ ಅಷ್ಟೇ. ಏನ್ರೀ, ಒಂದಾದ್ರೂ ಸರಿಯಾದ ಸ್ಕ್ರೀನ್ ಇಲ್ವಾ ಈ ಊರಲ್ಲಿ?"

ಬೋಲ್ಟ್ ಮೂರನೆಯ ಮಾನಿಟರನ್ನು ಎರಡೂ ಕೈಯಲ್ಲಿ ಎತ್ತಿ ತಲೆಕೆಳಗು ಮಾಡಿ ಹಿಡಿದ. "ಈಗ ಹೇಳಿ. ಮಂಕು ಎಲ್ಲಿದೆ?"

ಮಂಕು ಮಾನಿಟರಿನದಾಗಿದ್ದರೆ ಅದು ಈಗ ಕೆಳಗೆ, ಬಲಕ್ಕೆ ಹೋಗಬೇಕಿತ್ತು. ಅವಳು ನೋಡಿದಳು. ಅದು ಹೋಗಿರಲಿಲ್ಲ.

ಅವನು ಮಾನಿಟರನ್ನು ಮೆಲ್ಲಗೆ ಕೆಳಗಿಟ್ಟ. "ಅಕ್ಕಾ, ಮೂರು ಸ್ಕ್ರೀನಿಗೂ ಒಂದೇ ಜಾಗದಲ್ಲಿ ಕಾಯಿಲೆ ಬರಲ್ಲ."

"ಅಂದ್ರೆ?"

"ನಾನು ಪೆಟ್ಟಿಗೆ ರಿಪೇರಿಯವನು. ಪೆಟ್ಟಿಗೇಲಿ ತಪ್ಪಿಲ್ಲ, ಅಷ್ಟೇ ಗೊತ್ತು ನನಗೆ. ಕಣ್ಣು ತೋರಿಸ್ಕೊಂಡು ಬನ್ನಿ. ಅಲ್ಲಿವರೆಗೂ ನಾನು ನಿಮಗೆ ಏನೂ ಮಾರಲ್ಲ."

ಅವಳು ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿದಳು. "ಮಾರೋಕೆ ಇಷ್ಟ ಇಲ್ದಿದ್ರೆ ಅಂಗಡಿ ಯಾಕೆ ಇಟ್ಕೊಂಡಿದ್ದೀರಿ?" ಎಂದು ಅವನ ಮೇಲೆ ಹರಿಹಾಯ್ದು ಮೆಟ್ಟಿಲು ಹತ್ತಿದಳು. ಬೀದಿಗೆ ಬಂದವಳೇ ದಿಕ್ಕು ನೋಡದೆ ನಡೆದಳು. ಬಸ್‌ಸ್ಟಾಪ್ ದಾಟಿಹೋಯಿತು. ಎಡಗಡೆ ನಿಂತಿದ್ದ ಕೈಗಾಡಿಯೊಂದು ಅವಳ ಸೊಂಟಕ್ಕೆ ತಾಗುವವರೆಗೂ ಅವಳಿಗೆ ಕಾಣಲೇ ಇಲ್ಲ. ಗಾಡಿಯವನು "ನೋಡ್ಕೊಂಡು ಹೋಗಮ್ಮ" ಎಂದ. ಅವಳು ಅಲ್ಲೇ ನಿಂತಳು. ನೋಡಿಕೊಂಡೇ ಹೋಗುತ್ತಿದ್ದಳು.

ಗಂಡ ಅಂದು ಒಂಬತ್ತು ಮಹಡಿಯ ಕಟ್ಟಡವೊಂದರಲ್ಲಿ ಕೆಲಸಕ್ಕಿದ್ದ. ಲಿಫ್ಟು ನಿಂತಿದ್ದರಿಂದಲೇ ಅವನು ಅಲ್ಲಿಗೆ ಹೋದದ್ದು. ಹಾಗಾಗಿ ಅವಳು ಮೆಟ್ಟಿಲು ಹತ್ತಬೇಕಾಯಿತು. ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿ ಗ್ರೀಸ್ ಮೆತ್ತಿದ ಕೈಯಲ್ಲಿ ಸ್ಪ್ಯಾನರ್ ಹಿಡಿದು ಕೂತವನು ಇವಳನ್ನು ಕಂಡು ಬೆರಗಾದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಅವನ ಕೆಲಸದ ಜಾಗಕ್ಕೆ ಬಂದದ್ದು ಅದೇ ಮೊದಲು.

"ಏನಾಯ್ತೇ?"

"ರೀ, ನನಗೆ ಎಡಗಡೆ ಸರಿಯಾಗಿ ಕಾಣಿಸ್ತಿಲ್ಲ" ಎಂದಳು, ಇನ್ನೂ ಏದುಸಿರು ಬಿಡುತ್ತ.

ಅವನು ಸ್ಪ್ಯಾನರನ್ನು ಕೆಳಗಿಟ್ಟ. "ಯಾವಾಗಿಂದ?"

"ಏಳೆಂಟು ತಿಂಗಳಾಯ್ತು."

"ಏಳೆಂಟು ತಿಂಗಳು. ನನ್ನ ಜೊತೇನೇ ಇದ್ದೀಯ. ಹೇಳಬೇಕು ಅನ್ನಿಸಲಿಲ್ವಾ?"

"ಬಾಯಿಬಿಟ್ಟು ಹೇಳಿದ್ರೆ ನಿಜ ಆಗ್ಬಿಡತ್ತೆ ಅಂತ. ಅಪ್ಪಂದು ನೋಡಿದ್ದೀನಲ್ಲ."

ಅವನಿಗೆ ಸಿಟ್ಟು ಬಂದಿತ್ತು; ಕೈ ಒರೆಸಿದ ಬಟ್ಟೆಯಲ್ಲೇ ಮತ್ತೆ ಮತ್ತೆ ಕೈ ಒರೆಸುತ್ತಿದ್ದ. "ಅಂಗಡಿ ಅಂಗಡಿ ಸುತ್ತಿದೆ ನಿನ್ನ ಜೊತೆ. ಒಂದಿನ ಆ ಕಾಲು ಆಸ್ಪತ್ರೆ ಕಡೆ ತಿರುಗಿಸಿದ್ರೆ ಆಗ್ತಿತ್ತು" ಎಂದ. ಆಮೇಲೆ ಅವಳು ಗೋಡೆಗೆ ಒರಗಿದ್ದನ್ನು ಕಂಡು ಉಪಕರಣದ ಪೆಟ್ಟಿಗೆಯನ್ನು ಅವಳತ್ತ ತಳ್ಳಿದ. "ಕೂತ್ಕೋ ಮೊದ್ಲು. ಇದೊಂದು ನಟ್ಟು ಬಿಗಿ ಮಾಡ್ತೀನಿ. ಲಿಫ್ಟಲ್ಲೇ ಇಳಿಯೋಣ."

ಮರುದಿನವೇ ಕಣ್ಣಿನ ಡಾಕ್ಟರ ಬಳಿ ಹೋದರು. ಬೋಗುಣಿಯಂಥ ಬಿಳಿ ಯಂತ್ರದೊಳಗೆ ಗದ್ದ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕಿನ ಚುಕ್ಕೆ ಮಿನುಗಿದರೆ ಕೈಯಲ್ಲಿದ್ದ ಗುಂಡಿ ಒತ್ತಬೇಕು. ಒತ್ತುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಟಕಟಕಮ್ಮ ಸಿದ್ಧಳಾಗಿ ಕೂತಳು. ಎಡಗಣ್ಣಿನ ಸರದಿಯಲ್ಲಿ ಚುಕ್ಕೆಗಳು ಬಂದವು, ಒತ್ತಿದಳು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಲೇ ಇತ್ತು.

"ಯಂತ್ರ ನಿಂತುಹೋಯ್ತಾ?" ಎಂದು ಕೇಳಿದಳು.

"ಇಲ್ಲಮ್ಮ, ಚುಕ್ಕೆ ಬರ್ತಾ ಇದೆ" ಎಂದಳು ಪರೀಕ್ಷೆ ಮಾಡುತ್ತಿದ್ದ ಹೆಂಗಸು.

ಡಾಕ್ಟರು ಕಾಗದದ ಮೇಲೆ ಅವಳಿಗೆ ಕಾಣದ ಜಾಗದ ಕಪ್ಪು ಕಲೆಯನ್ನು ತೋರಿಸಿ ಹೇಳಿದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸವೆಯುವ ಕಾಯಿಲೆ, ಗ್ಲಾಕೋಮಾ. ಎಡಗಣ್ಣಿನಲ್ಲಿ ಒಂದಷ್ಟು ಹೋಗಿದೆ, ಬಲಗಣ್ಣಿನಲ್ಲಿ ಈಗಷ್ಟೇ ಶುರು. ಹೋದದ್ದು ತಿರುಗಿ ಬರುವುದಿಲ್ಲ. ದಿನವೂ ತಪ್ಪದೆ ಹನಿ ಹಾಕಿಕೊಂಡು, ಕಾಲಕಾಲಕ್ಕೆ ತೋರಿಸಿಕೊಂಡರೆ ಇರುವುದನ್ನು ಉಳಿಸಿಕೊಳ್ಳಬಹುದು.

"ನಿಮ್ಮ ಅಪ್ಪನ ಕಾಲದಲ್ಲಿ ತಡವಾಗಿ ತೋರಿಸಿದ್ರೋ ಏನೋ. ನೀವು ಇನ್ನೊಂದೆರಡು ವರ್ಷ ಮುಚ್ಚಿಟ್ಟಿದ್ರೆ ನನ್ನ ಕೈಲೂ ಏನೂ ಇರ್ತಿರಲಿಲ್ಲ."

"ಟೈಪ್ ಮಾಡಬಹುದಾ?"

"ಮಾಡಿ. ಅದರಿಂದ ಇದು ಹೆಚ್ಚಾಗಲ್ಲ."

ಮನೆಗೆ ಬಂದು ಮಗಳಿಗೆ ಹೇಳಿದಾಗ ಅವಳು ಅತ್ತಳು, ನೆಲ ಡೊಂಕಿನ ಮಾತಿಗೆ ಕ್ಷಮೆ ಕೇಳಿದಳು. "ಅತ್ತಿದ್ದು ಸಾಕು, ಹನಿ ಹಾಕೋಕೆ ಕಲಿ. ನಾನು ಹಾಕಿದ್ರೆ ಕೆನ್ನೆ ಮೇಲೆ ಬೀಳತ್ತೆ" ಎಂದಳು ಟಕಟಕಮ್ಮ.

ಸಿಸ್ಟರಿಗೆ ಹೇಳುವುದು ಇನ್ನೂ ಕಷ್ಟವಾಗಿತ್ತು. ನೋಟುಬುಕ್ಕುಗಳನ್ನು ಚೀಲಕ್ಕೆ ತುಂಬಿಕೊಂಡು ಅವರ ಮನೆಗೇ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ, "ಬೇರೆಯವರಿಗೆ ಕೊಡಿ ಸಿಸ್ಟರ್" ಎಂದು ಚೀಲ ಮುಂದಿಟ್ಟಳು.

ಸಿಸ್ಟರ್ ಚೀಲ ಮುಟ್ಟಲಿಲ್ಲ. "ಹನಿ ಹಾಕಿದ ಮೇಲೆ ಏನ್ ಮಾಡ್ತೀಯ?" ಎಂದರು.

"ಕಣ್ಣು ಪಿಳಿಪಿಳಿ ಮಾಡ್ತೀನಿ."

"ಹಾಗೆ ಮಾಡಿದ್ರೆ ಔಷಧಿ ಎಲ್ಲ ಹೊರಗೆ ಹೋಗತ್ತೆ. ಕಣ್ಣು ಮುಚ್ಚಿ, ಮೂಗಿನ ಪಕ್ಕ ಹೀಗೆ ಒತ್ತಿ ಹಿಡ್ಕೋ, ಎರಡು ನಿಮಿಷ." ತಮ್ಮ ಒಣಕಲು ಬೆರಳಿಂದ ಅವಳ ಮೂಗಿನ ಮೂಲೆ ಒತ್ತಿ ತೋರಿಸಿದರು. "ಇನ್ನು ಪುಸ್ತಕ. ಕರಡು ನೀನೊಬ್ಳೇ ಯಾಕೆ ನೋಡ್ಬೇಕು? ಜೋಡಿಸೋದು ನಿಂದು, ಎರಡನೇ ಓದು ನಂದು. ಚೀಲ ತಗೊಂಡು ನಡಿ, ಈಗಾಗ್ಲೇ ಐದು ವಾರ ತಿಂದಿದ್ದೀಯ."

ಬೋಲ್ಟನ ನೆಲಮಾಳಿಗೆಗೆ ಅವಳು ಡಾಕ್ಟರ ಕಾಗದವನ್ನೇ ಹಿಡಿದು ಹೋದಳು. ಹಿಂದಿನ ಸಲ ಆಡಿದ ಮಾತಿಗೆ ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಅವನು ಅವಕಾಶ ಕೊಡಲಿಲ್ಲ. ಕಾಗದದ ಕಪ್ಪು ಕಲೆಯನ್ನು ಭೂತಗನ್ನಡಿ ಇಳಿಸಿ ನೋಡಿದ, ಸರ್ಕ್ಯೂಟ್ ಬೋರ್ಡ್ ನೋಡಿದಂತೆ. "ಹಾಗಾದ್ರೆ ನಿಮ್ಮ ಕೆಲಸಕ್ಕೆ ಬೇಕಾದ ಪುಟ ಬಲಕ್ಕೆ, ಕೆಳಕ್ಕೆ ಬರಬೇಕು. ಎಡಮೂಲೇಲಿ ಇರೋ ಮೆನು ಎಲ್ಲ ಬಲಕ್ಕೆ ಎಳೆಯೋಣ."

ಎರಡು ವಾರ ಅದೇ ಕೆಲಸ. ಇಪ್ಪತ್ತೇಳು ಇಂಚಿನ ಮಾನಿಟರು, ಹೊಳಪಿಲ್ಲದ ಮುಖದ್ದು, ಕಿಟಕಿಯ ಬೆಳಕು ಬಿದ್ದರೂ ಮಿಂಚದು. ಎತ್ತರ ಏರಿಸಿ ಇಳಿಸಿ, ಪಕ್ಕಕ್ಕೆ ತಿರುಗಿಸಬಹುದಾದ ಕಾಲು. ಪೆಟ್ಟಿಗೆಯನ್ನು ಮೇಜಿನ ಬಲಕ್ಕೆ ಇಟ್ಟರು, ಎಡಕ್ಕಿಟ್ಟರೆ ವೈರಿಗೆ ಕಾಲು ಸಿಕ್ಕಿಬೀಳುತ್ತದೆ ಎಂದು. ಅದನ್ನು ಯೋಚಿಸಿದವನು ಗಂಡ. ಬೋಳು ಕೀಬೋರ್ಡಿನ ಗುಂಡು ಪಿನ್ನಿಗೂ ಪೆಟ್ಟಿಗೆಯ ಹಿಂದೆ ಒಂದು ತೂತಿತ್ತು. ಅವಳು ಮಾನಿಟರನ್ನು ಮೂರು ಸಲ ಹಿಂದಕ್ಕೆ ಕಳಿಸಿದಳು, ಒಮ್ಮೆ ಬೆಳಕು ಹೆಚ್ಚೆಂದು, ಒಮ್ಮೆ ಬಣ್ಣ ಹಳದಿಯೆಂದು, ಒಮ್ಮೆ ಕಾರಣವೇ ಇಲ್ಲದೆ. ಮೂರನೆಯ ಸಲ ಬೋಲ್ಟ್, "ಈ ಸಲ ದೋಷ ಕಣ್ಣಿಂದಲ್ಲ ಅಕ್ಕಾ, ತಲೇದು" ಎಂದ. ಅವಳು ನಕ್ಕು ಹಣ ಎಣಿಸಿ ಕೊಟ್ಟಳು.

ಕೆಲಸ ಮೊದಲಿನಂತೆ ಓಡಲಿಲ್ಲ. ಪ್ರತಿ ಸಾಲಿನ ಆರಂಭಕ್ಕೂ ಕಣ್ಣನ್ನು ಬೇಕೆಂದೇ ಹೊರಳಿಸಿ ನೋಡುವುದನ್ನು ರೂಢಿಸಿಕೊಳ್ಳಬೇಕಾಯಿತು. ಬೆರಳಿನ ಓಟಕ್ಕೆ ಕಣ್ಣು ಸಿಗುತ್ತಿರಲಿಲ್ಲ, ಬೆರಳು ಕಾಯಬೇಕಾಗುತ್ತಿತ್ತು, ಕಾಯುವುದು ಅವಳ ಜಾತಕದಲ್ಲೇ ಇರಲಿಲ್ಲ. ಎದ್ದು ಅಡುಗೆಮನೆಗೆ ಹೋಗುವಳು, ಬರುವಳು, ಮತ್ತೆ ಕೂರುವಳು. ಕೆಲವು ದಿನ ಒಂದು ಕಣ್ಣು ಮುಚ್ಚಿ ಕ್ಯಾಲೆಂಡರ್ ನೋಡಿ, ಕತ್ತಲು ಬೆಳೆಯಿತೇ ಎಂದು ಹತ್ತು ಸಲ ಅಳೆಯುವಳು. ಮಗಳು ಆ ಕ್ಯಾಲೆಂಡರನ್ನು ತೆಗೆದು ಒಳಗಿಟ್ಟಳು. ಅವಳು ಗಡಿಯಾರದಲ್ಲಿ ಅಳೆಯತೊಡಗಿದಳು.

ಸಿಸ್ಟರ್ ವಾರಕ್ಕೆರಡು ಸಲ ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಕರಡು ಓದಿದರು. ಓದುತ್ತ ಬರೆಯದೆ ಬಿಟ್ಟ ಕಥೆಗಳೆಲ್ಲ ನೆನಪಾಗಿ, ಪುಸ್ತಕ ಎಂಬತ್ತು ಪುಟ ಹಿಗ್ಗಿತು. ಸಿಸ್ಟರಿಗೆ ಎಂಬತ್ತು ತುಂಬಿದ ದಿನಕ್ಕೆ ಅದು ಬರಲಿಲ್ಲ. ಹತ್ತೊಂಬತ್ತು ದಿನ ತಡವಾಗಿ ಬಂತು. ತಪ್ಪುಗಳಿದ್ದವು. ಸಿಸ್ಟರ್ ನಾಲ್ಕು ಕಂಡುಹಿಡಿದರು, ಟಕಟಕಮ್ಮ ಏಳು.

ಆರು ತಿಂಗಳ ಪರೀಕ್ಷೆಗೆ ಗಂಡನೂ ಜೊತೆಗೆ ಹೋದ. ಬೋಗುಣಿಯೊಳಗೆ ಗದ್ದ ಇಟ್ಟು ಕೂತು, ಕಂಡ ಚುಕ್ಕೆಗೆಲ್ಲ ಗುಂಡಿ ಒತ್ತಿದಳು. ಡಾಕ್ಟರು ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಹೋದ ಸಲ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಹನಿ ಬಿಡಬೇಡಿ" ಎಂದು ಚೀಟಿ ಬರೆದು ಕೊಟ್ಟರು.

ಗಂಡ ದೊಡ್ಡದಾಗಿ ಉಸಿರು ಬಿಟ್ಟ. ಅವಳು ಚೀಟಿಯನ್ನೇ ನೋಡುತ್ತಿದ್ದಳು.

"ಡಾಕ್ಟ್ರೇ, ಇಲ್ಲಿ ಕೆಳಗೆ, ನೀವು ಸಿಗೋ ವೇಳೆ ಹಾಕಿರೋ ಕಡೆ, 'ಒಂದರವರಗೆ' ಅಂತ ಅಚ್ಚಾಗಿದೆ. ಅದು 'ವರೆಗೆ' ಆಗಬೇಕು."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಚೀಟಿ ತಿರುಗಿಸಿ ನೋಡಿದರು. "ಆರು ವರ್ಷದಿಂದ ಇದೇ ಚೀಟಿ. ಒಬ್ರೂ ಹೇಳಿಲ್ಲ."

"ಇಲ್ಲಿಗೆ ಬರೋರಿಗೆ ಅದು ಕಾಣಬೇಕಲ್ಲ ಡಾಕ್ಟ್ರೇ" ಎಂದ ಗಂಡ.

ಡಾಕ್ಟರು ಜೋರಾಗಿ ನಕ್ಕರು. ಟಕಟಕಮ್ಮ ನಗುವ ಗೋಜಿಗೆ ಹೋಗಲಿಲ್ಲ. ಬ್ಯಾಗಿನಿಂದ ಪೆನ್ನು ತೆಗೆದು, "ಎಷ್ಟು ಸಾವಿರ ಚೀಟಿ ಬೇಕಾಗತ್ತೆ ನಿಮಗೆ? ಬುಧವಾರ ಕರಡು ತರ್ತೀನಿ" ಎಂದಳು.